ಅಜ್ಜನ ಟ್ರಂಕು, ಅಜ್ಜಿಯ ಪಿಂಚಣಿ

ಮಾಜಿ ಸೈನಿಕನೊಬ್ಬ ತೀರಿಕೊಂಡರೆ ಮನೆಯವರಿಗೆ ಅದು ದುಃಖ, ಸರ್ಕಾರಕ್ಕೆ ಒಂದು ಪಿಂಚಣಿಯನ್ನು ನಿಲ್ಲಿಸಿ ಇನ್ನೊಂದನ್ನು ಶುರು ಮಾಡುವ ಕೆಲಸ. ನಡುವೆ ಓಡಾಡಲು ಒಬ್ಬರು ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಆ ಪಾಳಿ ನನಗೆ ಬಂತು. ನಾನು ಹುಬ್ಬಳ್ಳಿಯ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವವಳು. "ಕಾಗದ ಓದುವ ಕೆಲಸ ನಿನ್ನದೇ, ಇದನ್ನೂ ನೀನೇ ನೋಡವ್ವ" ಎಂದು ಕಾಕಾ ಅಜ್ಜನ ಕಬ್ಬಿಣದ ಟ್ರಂಕನ್ನು ನನ್ನ ಮುಂದೆ ತಳ್ಳಿದ. ಕರಿ ಬಣ್ಣದ ಟ್ರಂಕು. ಮುಚ್ಚಳದ ಮೇಲೆ ಬಿಳಿ ಅಕ್ಷರದಲ್ಲಿ ಅಜ್ಜನ ಸೈನ್ಯದ ನಂಬರು, ಹೆಸರು. ಹೆಸರು ಅರ್ಧ ಅಳಿಸಿತ್ತು, ನಂಬರು ಮಾತ್ರ ಸ್ಪಷ್ಟವಾಗಿತ್ತು. ಮುಂದಿನ ತಿಂಗಳುಗಳಲ್ಲಿ ಎಲ್ಲ ಕಡೆ ಕೇಳಿದ್ದೂ ಆ ನಂಬರನ್ನೇ.

ಅಜ್ಜ ಹೋದದ್ದು 2023ರ ಶ್ರಾವಣದಲ್ಲಿ, ನರಗುಂದ ತಾಲ್ಲೂಕಿನ ನಮ್ಮೂರಿನ ಮನೆಯಲ್ಲಿ, ಬೆಳಗಿನ ಚಹಾ ಕುಡಿದ ಮೇಲೆ. ಕಾಗದದ ಪ್ರಕಾರ 88 ವರ್ಷ. ಹುಟ್ಟಿದ ದಿನ 1935ರ ಜುಲೈ 1. ಹುಟ್ಟಿದ ದಿನ ಗೊತ್ತಿಲ್ಲದ ಆ ಕಾಲದ ಹುಡುಗರಿಗೆ ಯಾರೋ ಬರೆದುಕೊಟ್ಟ ದಿನ ಅದು. ನಮ್ಮೂರಿನಲ್ಲಿ ಅರ್ಧ ಜನ ಮುದುಕರು ಜೂನ್ ಒಂದಕ್ಕೋ ಜುಲೈ ಒಂದಕ್ಕೋ ಹುಟ್ಟಿದವರು. ಅಜ್ಜಿಯ ಲೆಕ್ಕದಲ್ಲಿ ಅಜ್ಜನಿಗೆ ತೊಂಬತ್ತು ದಾಟಿತ್ತು. ಇದು ಬರೀ ಹಿರಿತನದ ಮಾತಲ್ಲ, ಹಣದ ಮಾತೂ ಹೌದು. ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20, 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50 ಹೆಚ್ಚು ಸಿಗುತ್ತದೆ. ನೂರು ತುಂಬಿದರೆ ಇಮ್ಮಡಿಯಾಗುತ್ತದೆ. ಅಜ್ಜ ಈ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದ. "ಇನ್ನೆರಡು ವರ್ಷ ದೂಡಿದರೆ ತೋಳಿಗೆ ಇನ್ನೊಂದು ಪಟ್ಟಿ ಬರುತ್ತದೆ" ಎಂದು ಬಡ್ತಿಗೆ ಕಾಯುವವನ ಹಾಗೆ ಹೇಳುತ್ತಿದ್ದ.

ಮಣ್ಣು ಮಾಡುವ ದಿನ ಊರಿನ ಹುಡುಗರು ತ್ರಿವರ್ಣ ಧ್ವಜ ತಂದು ಹೊದಿಸಲು ಹೊರಟರು. ಪಕ್ಕದ ಊರಿನಿಂದ ಬಂದಿದ್ದ ಮಾಜಿ ಸುಬೇದಾರರೊಬ್ಬರು ಕೈ ಅಡ್ಡ ಹಿಡಿದರು. ಸರ್ಕಾರಿ ಗೌರವದ ಅಂತ್ಯಕ್ರಿಯೆ, ಸೇನೆ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟರೆ ಧ್ವಜವನ್ನು ಹೊದಿಕೆಯಾಗಿ ಬಳಸಬಾರದು ಎಂದು ಧ್ವಜ ಸಂಹಿತೆಯಲ್ಲಿದೆ, ಅದನ್ನು ಎಲ್ಲರಿಗಿಂತ ಮೊದಲು ಪಾಲಿಸಬೇಕಾದವರು ನಾವು ಎಂದರು. ಹುಡುಗರಿಗೆ ಸಿಟ್ಟು ಬಂತು. ನನಗೆ ಮಾತ್ರ ಆ ಸುಬೇದಾರರು ಅಜ್ಜನನ್ನು ಚೆನ್ನಾಗಿ ಬಲ್ಲವರು ಅನಿಸಿತು. ಧ್ವಜ ಮಡಿಚಿ ಒಳಗಿಟ್ಟು ಎಲ್ಲ ಮಾಜಿ ಸೈನಿಕರೂ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ನಂತರ ವಿಭೂತಿ ಹಚ್ಚಿ, ಕುಳ್ಳಿರಿಸಿ, ಭಜನೆಯವರು ಹಾಡುತ್ತ ಹೊಲಕ್ಕೆ ಕರೆದೊಯ್ದರು. ಸಮಾಧಿಯ ಕುಣಿ ತೋಡುವಾಗ ಮೂರಡಿಯ ಕೆಳಗೆ ಮಣ್ಣು ಒಣಗಿತ್ತು. ಆ ವರ್ಷದ ಮುಂಗಾರು ಹೇಗೆ ಕೈಕೊಟ್ಟಿತು ಎಂದು ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಪಿಂಚಣಿಯ ಕೆಲಸ ಶುರುವಾಗುವುದು ಮರಣ ಪ್ರಮಾಣಪತ್ರದಿಂದ. 21 ದಿನಗಳೊಳಗೆ ನೋಂದಣಿ ಮಾಡಿಸಿದರೆ ಶುಲ್ಕವಿಲ್ಲ, ತಕರಾರೂ ಇಲ್ಲ. ದುಃಖದಲ್ಲಿದ್ದವರಿಗೆ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಪ್ರತಿಗಳನ್ನು ಹೆಚ್ಚಾಗಿಯೇ ತೆಗೆದಿಟ್ಟುಕೊಳ್ಳಿ. ಎಲ್ಲರೂ ಮೂಲ ಪ್ರತಿ ಕೇಳುತ್ತಾರೆ. ಎರಡನೆಯದಾಗಿ ಸಾವಿನ ಸುದ್ದಿಯನ್ನು ತಕ್ಷಣ ತಿಳಿಸಬೇಕು. ತಿಳಿಸದೆ ಬಿಟ್ಟರೆ ಪಿಂಚಣಿ ಖಾತೆಗೆ ಬರುತ್ತಲೇ ಇರುತ್ತದೆ, ಆಮೇಲೆ ಹೆಚ್ಚುವರಿ ಎಂದು ವಾಪಸು ಕತ್ತರಿಸುತ್ತಾರೆ. ನಮ್ಮ ಬಳಗದಲ್ಲೇ ಒಬ್ಬರ ಮನೆಯಲ್ಲಿ ಬಂದ ಹಣವನ್ನು ದಿನಕರ್ಮಕ್ಕೆ ಖರ್ಚು ಮಾಡಿ, ನಂತರ ಹೆಂಡತಿಯ ಪಿಂಚಣಿಯಿಂದ ಕಂತಿನಲ್ಲಿ ಕಟ್ಟಿದ್ದರು.

ಇಷ್ಟನ್ನು ಮುಗಿಸಿ ಬ್ಯಾಂಕಿಗೆ ಹೋದಾಗ ನಿಜವಾದ ತೊಡಕು ಹೊರಬಿತ್ತು. ಅಜ್ಜನ ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಎಲ್ಲರೂ ಪಿಪಿಒ ಎನ್ನುವ ಆ ಕಾಗದದಲ್ಲಿ, ಅಜ್ಜಿಯ ಹೆಸರೇ ಇರಲಿಲ್ಲ. ಈಗ ನಿವೃತ್ತರಾಗುವವರ ಆದೇಶದಲ್ಲಿ ಹೆಂಡತಿಯ ಹೆಸರು, ಅವಳಿಗೆ ಮುಂದೆ ಸಿಗುವ ಕುಟುಂಬ ಪಿಂಚಣಿ ಎರಡೂ ಮೊದಲೇ ನಮೂದಾಗಿರುತ್ತವೆ. ಅಜ್ಜ ಬಿಡುಗಡೆಯಾದದ್ದು 1974ರಲ್ಲಿ. ಆಗ ಆ ಪದ್ಧತಿ ಇರಲಿಲ್ಲ. ನಂತರ ಹಳಬರು ಅರ್ಜಿ ಕೊಟ್ಟು ಸೇರಿಸಿಕೊಳ್ಳಲು ಅವಕಾಶ ಇತ್ತು. ಅಜ್ಜ ಸೇರಿಸಿರಲಿಲ್ಲ. ಯಾಕೆ ಎಂದು ಅಜ್ಜಿಯನ್ನು ಕೇಳಿದರೆ, "ನಾನೇ ಮೊದಲು ಹೋಗುತ್ತೇನೆ ಎಂದು ಇಬ್ಬರಿಗೂ ನಂಬಿಕೆ ಇತ್ತು" ಎಂದಳು.

ಧಾರವಾಡದ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಒಬ್ಬ ಗುಮಾಸ್ತರು ಸಿಕ್ಕರು. ಸ್ವತಃ ಮಾಜಿ ಸೈನಿಕರು. ನನ್ನ ಮುಖ ನೋಡುವ ಮೊದಲು ಅಜ್ಜನ ಡಿಸ್ಚಾರ್ಜ್ ಪುಸ್ತಕ ನೋಡಿದರು. "ಮದ್ರಾಸ್ ಸ್ಯಾಪರ್! ತಂಬಿಗಳ ಪೈಕಿ!" ಎಂದು ಹಿಗ್ಗಿದರು. ಮದ್ರಾಸ್ ಎಂಜಿನಿಯರ್ ಗ್ರೂಪ್ ಎಂಬ ಈ ದಳದ ಹುಟ್ಟು 1780ರಲ್ಲಿ. ಅದರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬದಿಗಿದೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ಹೂಳುವುದು, ಹೂತದ್ದನ್ನು ತೆಗೆಯುವುದು ಅವರ ಕೆಲಸ. ಗುಮಾಸ್ತರು ಒಂದು ಹಾಳೆಯ ಮೇಲೆ ಏನೇನು ಬೇಕು ಎಂದು ಬರೆದುಕೊಟ್ಟರು. ಡಿಸ್ಚಾರ್ಜ್ ಪುಸ್ತಕ, ಪಿಪಿಒ ಪ್ರತಿ, ಮರಣ ಪ್ರಮಾಣಪತ್ರ, ಅಜ್ಜಿಯ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರಗಳು, ಅಜ್ಜಿಯ ವಯಸ್ಸಿಗೆ ಒಂದು ಆಧಾರ. "ಎಲ್ಲಕ್ಕಿಂತ ಮೊದಲು ನಿಮ್ಮ ಅಜ್ಜಿಯ ಹೆಸರು ಬೆಂಗಳೂರಿನಲ್ಲಿರುವ ದಳದ ರೆಕಾರ್ಡ್ಸ್‌ನಲ್ಲಿ ಏನೆಂದು ಬರೆದಿದೆ ನೋಡಿಕೊಂಡು ಬನ್ನಿರಿ ತಂಗಿ. ಅಲ್ಲಿ ಒಂದು, ಆಧಾರ್‌ನಲ್ಲಿ ಒಂದು ಇದ್ದರೆ ಪ್ರಯಾಗರಾಜ್‌ನಿಂದ ಅರ್ಜಿ ಹಾಗೇ ವಾಪಸು ಬರುತ್ತದೆ" ಎಂದರು. ರಕ್ಷಣಾ ಪಿಂಚಣಿಗಳ ಲೆಕ್ಕವೆಲ್ಲ ಇರುವುದು ಪ್ರಯಾಗರಾಜ್‌ನಲ್ಲಿ. ಮೊದಲು ಹಣ ಬ್ಯಾಂಕಿನವರ ಕೈಯಿಂದ ಬರುತ್ತಿತ್ತು, ಈಗ ಸ್ಪರ್ಶ್ ಎಂಬ ಗಣಕ ವ್ಯವಸ್ಥೆಯಿಂದ ನೇರವಾಗಿ ಖಾತೆಗೆ ಬೀಳುತ್ತದೆ.

ಹುಬ್ಬಳ್ಳಿಯಿಂದ ರಾತ್ರಿ ರೈಲು ಹಿಡಿದು ಬೆಂಗಳೂರಿಗೆ ಹೋದೆ. 1955ರಲ್ಲಿ ಅಜ್ಜ ಇದೇ ದಾರಿಯಲ್ಲಿ ಮೀಟರ್ ಗೇಜ್ ರೈಲಿನಲ್ಲಿ ಹೋಗಿದ್ದ, ಒಂದು ಚೀಲ ಕಟಿ ರೊಟ್ಟಿ ಕಟ್ಟಿಕೊಂಡು. ರೆಕಾರ್ಡ್ಸ್ ಕಚೇರಿಯಲ್ಲಿ ನಾನು ಅಂದುಕೊಂಡ ಹಾಗೆ ಧೂಳೂ ಇರಲಿಲ್ಲ, ಗದ್ದಲವೂ ಇರಲಿಲ್ಲ. ನಂಬರು ಹೇಳಿದೆ. ಒಬ್ಬ ಹವಾಲ್ದಾರರು ಹೋಗಿ ಹಳೆಯ ದಾಖಲೆ ಹುಡುಕಿ ತಂದು, ಕುಟುಂಬದ ವಿವರ ಇರುವ ಪುಟ ತೆಗೆದು, ಹೆಂಡತಿಯ ಹೆಸರಿನ ಮುಂದೆ ಬೆರಳಿಟ್ಟು ಓದಿದರು. ಆ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ಎದೆ ಸ್ವಲ್ಪ ಹೊಡೆದುಕೊಂಡಿತು. ಸೈನಿಕರ ಮನೆಗಳಲ್ಲಿ ಇಂಥ ಪುಟಗಳಿಂದ ಎರಡನೆಯ ಸಂಸಾರ ಹೊರಬಿದ್ದ ಕಥೆಗಳನ್ನು ಕೇಳಿದ್ದೆ. ಹೊರಗೆ ಬಂದು ಮರದ ಕೆಳಗೆ ನಿಂತು ಕಾಕಾನಿಗೆ ಫೋನ್ ಮಾಡಿ ಅಜ್ಜಿಗೆ ಕೊಡಲು ಹೇಳಿದೆ. ಹೆಸರು ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕಳು. "ಅದು ನನ್ನ ತವರಿನ ಹೆಸರವ್ವ. ಮದುವೆಯಲ್ಲಿ ನಿಮ್ಮ ಮನೆಯವರು ಬದಲಿಸಿದರು. ಅತ್ತೆ ಇಟ್ಟ ಹೆಸರು ಅವನಿಗೆ ಹಿಡಿಸಿರಲಿಲ್ಲ. ಕಾಗದ ಬರೆಯುವಾಗಲೂ ಹಳೆಯ ಹೆಸರನ್ನೇ ಬರೆಯುತ್ತಿದ್ದ, ಅಂಚೆಯವನು ಇಂಥವರು ಈ ಮನೆಯಲ್ಲಿಲ್ಲ ಎಂದು ವಾಪಸು ಒಯ್ಯುತ್ತಿದ್ದ." ಅಜ್ಜಿ ಅಜ್ಜನನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಸೊಗಸಾದ ಸಂಗತಿಯೇ, ಆದರೆ ಕಾಗದಕ್ಕೆ ಸೊಗಸು ಗೊತ್ತಿಲ್ಲ. ಇಬ್ಬರೂ ಒಬ್ಬಳೇ ಎಂದು ಛಾಪಾಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಬೇಕಾಯಿತು. ಊರಿನ ಹಿರಿಯರ ಸಾಕ್ಷಿ, ಪಂಚಾಯಿತಿಯ ಪತ್ರ, ಅಜ್ಜಿಯ ತವರಿನಿಂದ ಉಳಿದಿರುವ ಒಬ್ಬನೇ ತಮ್ಮನ ಹೇಳಿಕೆ ಎಲ್ಲ ಸೇರಿದವು. ಆ ಮುದುಕ ಸವದತ್ತಿ ಕಡೆಯಿಂದ ಬಂದು, ಸಹಿ ಮಾಡುವ ಮೊದಲು ಅಕ್ಕನನ್ನು ಹಳೆಯ ಹೆಸರಿನಿಂದ ಕೂಗಿ ರೇಗಿಸಿದ. ನಂತರ ಒಂದು ಕಡೆ ನಮ್ಮ ಕಡತ ಸುಮ್ಮನೆ ಕುಳಿತಿತು. ಎಲ್ಲಿ ಎಂದು ಹೇಳುವುದಿಲ್ಲ. ಹೋದಾಗಲೆಲ್ಲ "ಮೇಲಿಂದ ಬಂದಿಲ್ಲ" ಎನ್ನುತ್ತಿದ್ದರು, ಮೇಲೆ ವಿಚಾರಿಸಿದರೆ ಕೆಳಗಿನಿಂದಲೇ ಹೋಗಿರಲಿಲ್ಲ. ಧಾರವಾಡದ ಗುಮಾಸ್ತರು ಒಂದು ಫೋನ್ ಮಾಡಿದ ಮೇಲೆ ಅದು ಹೊರಟಿತು.

ಈ ನಡುವೆಯೇ ಶಿವಗಣಾರಾಧನೆಗೆ ಅಜ್ಜನ ಬಗ್ಗೆ ಒಂದು ಪುಟ ಬರೆದು ಓದಬೇಕು ಎಂದು ನನಗೇ ಹೇಳಿದ್ದರು. ಕಾಕಾನ ಅಪೇಕ್ಷೆ ಯುದ್ಧದ್ದು. ಊರಿನ ಶಾಲೆಯ ಮಾಸ್ತರರ ಅಪೇಕ್ಷೆಯೂ ಅದೇ. "ಪಾಕಿಸ್ತಾನದ ವಿಷಯ ಬರೆಯಿರಿ, ಹುಡುಗರಿಗೆ ಸ್ಫೂರ್ತಿ ಬರುತ್ತದೆ." ಯುದ್ಧ ಬರೆಯುವುದು ಸುಲಭವೂ ಆಗಿತ್ತು. ಎಲ್ಲ ಟ್ರಂಕಿನಲ್ಲೇ ಇತ್ತು. ಡಿಸ್ಚಾರ್ಜ್ ಪುಸ್ತಕದಲ್ಲಿ ಅಜ್ಜನ ಎತ್ತರ, ಎಡಗೆನ್ನೆಯ ಮಚ್ಚೆ, ಪಡೆದ ತರಬೇತಿ, ಹವಾಲ್ದಾರನಾದ ತಾರೀಖು, ನಡತೆಯ ಶರಾ, ಎಲ್ಲ. ಒಂದು ಹಳೆಯ ಕರವಸ್ತ್ರದಲ್ಲಿ ಸುತ್ತಿದ ಪದಕಗಳು: 1965ರ ರಕ್ಷಾ ಪದಕ, 1971ರ ಸಂಗ್ರಾಮ್ ಪದಕ ಮತ್ತು ಪಶ್ಚಿಮೀ ಸ್ಟಾರ್, ಸ್ವಾತಂತ್ರ್ಯದ 25ನೇ ವರ್ಷದ ಪದಕ. ಪದಕದ ಅಂಚಿನಲ್ಲೂ ಅಜ್ಜನ ನಂಬರು ಕೊರೆದಿತ್ತು. 19 ವರ್ಷದ ನೌಕರಿಯಲ್ಲಿ ಸೇನೆ ಅಜ್ಜನ ಒಂದು ದಿನವನ್ನೂ ಬರೆಯದೆ ಬಿಟ್ಟಿರಲಿಲ್ಲ.

ಆಮೇಲೆ 49 ವರ್ಷ ಅಜ್ಜ ಒಕ್ಕಲುತನ ಮಾಡಿದ. ಅದಕ್ಕೆ ಕಾಗದ ಏನಿದೆ ಎಂದು ನೋಡಿದರೆ ಒಂದು ಉತಾರ, ಅಂದರೆ ಹೊಲದ ಪಹಣಿ. ಸರ್ವೆ ನಂಬರು, 11 ಎಕರೆ ಚಿಲ್ಲರೆ, ಹೆಸರು. ಬೆಳೆಯ ಕಾಲಂನಲ್ಲಿ ವರ್ಷ ವರ್ಷವೂ ಜೋಳ, ಜೋಳ, ಜೋಳ. ನಾವು ಹೊಲ ತುಂಬ ಹತ್ತಿ ಹಾಕಿ, ಬಿಡಿಸಲು ಆಳು ಸಿಗದೆ ಶಾಲೆ ಬಿಟ್ಟು ನಾನೇ ಹತ್ತಿ ಬಿಡಿಸಿದ ವರ್ಷವೂ ಜೋಳ. ಆ ಕಾಲಂ ತುಂಬಿದವರು ನಮ್ಮ ಹೊಲದ ಬದುವಿಗೂ ಬಂದಿರಲಾರರು.

ಹೀಗಾಗಿ ಯುದ್ಧವನ್ನು ಎರಡು ಸಾಲಿಗೆ ಇಳಿಸಿ ಹೊಲದ್ದನ್ನು ಕೇಳಿಕೊಂಡು ಬರೆಯಲು ಹೊರಟೆ. ಕಾಕಾನಿಗೆ ಇದು ಸರಿ ಬರಲಿಲ್ಲ, ಈಗಲೂ ಬಂದಿಲ್ಲ.

ಮೊದಲು ಹೋದದ್ದು ಕಮ್ಮಾರರ ಮನೆಗೆ. ಅಜ್ಜನ ಹತ್ತಿರ ಒಂದು ಕಬ್ಬಿಣದ ಸಲಾಕೆ ಇತ್ತು, ಹೆಚ್ಚುಕಡಿಮೆ ಎದೆಯೆತ್ತರ, ಮೇಲೆ ಅಡ್ಡ ಹಿಡಿಕೆ. ಹಿಂಗಾರಿ ಬಿತ್ತನೆಗೆ ಮುಂಚೆ ಅದನ್ನು ಹೊಲದ ಅಲ್ಲಲ್ಲಿ ಚುಚ್ಚುತ್ತ ತಿರುಗುತ್ತಿದ್ದ. ನಮ್ಮದು ಎರೆ, ಅಂದರೆ ಕರಿ ಮಣ್ಣಿನ ಭೂಮಿ. ಹಿಂಗಾರಿ ಜೋಳ, ಕಡಲೆ, ಕುಸುಬೆ ಬರುವುದು ಮೇಲಿನ ಮಳೆಯಿಂದಲ್ಲ, ಮಣ್ಣಿನೊಳಗೆ ಇಳಿದು ಕುಳಿತ ಹಸಿಯಿಂದ. ಹಸಿ ಇದ್ದಷ್ಟು ಆಳಕ್ಕೆ ಸಲಾಕೆ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕಲ್ಲಿ ನಿಲ್ಲುತ್ತದೆ. ಎರಡಡಿಗಿಂತ ಕಡಿಮೆ ಇಳಿದರೆ ಅಜ್ಜ ಬೀಜದ ಚೀಲ ಬಿಚ್ಚುತ್ತಿರಲಿಲ್ಲ. ಉಳಿದವರು ಹಸ್ತ ಮಳೆ ಬಿದ್ದ ಮರುದಿನವೇ ಕೂರಿಗೆ ಹೂಡಿದರೂ ಇವನು ಸಲಾಕೆ ಹಿಡಿದು ನಿಲ್ಲುತ್ತಿದ್ದ.

ಕಮ್ಮಾರರ ಮಗ ಹೇಳಿದ್ದು: "ನಮ್ಮ ಅಪ್ಪ ಸಲಾಕೆ ಮಾಡಿಕೊಟ್ಟ ದಿನ ನಿಮ್ಮ ಅಜ್ಜ ಅದನ್ನು ಹಿಡಿದು ಓರೆಯಾಗಿ ಚುಚ್ಚಿ ತೋರಿಸಿದರು. ಸೈನ್ಯದಲ್ಲಿ ಬಾಂಬು ಹುಡುಕುವಾಗ ಹೀಗೆ ಓರೆ ಹಿಡಿಯಬೇಕು, ಬಾಂಬಿನ ಮಗ್ಗುಲಿಗೆ ತಾಗಬೇಕು, ನೆತ್ತಿಗೆ ತಾಗಬಾರದು ಎಂದರು. ಆಮೇಲೆ ನೆಟ್ಟಗೆ ಚುಚ್ಚಿ, ಇಲ್ಲಿ ನೆಟ್ಟಗೆ ಚುಚ್ಚಿದರೂ ಯಾರೂ ಸಾಯುವುದಿಲ್ಲ ಎಂದು ನಕ್ಕರು." ಮನೆಯಲ್ಲಿ ಅಜ್ಜ ಇದನ್ನು ಯಾರಿಗೂ ಹೇಳಿರಲಿಲ್ಲ.

1971ರ ಡಿಸೆಂಬರಿನಲ್ಲಿ ಅಜ್ಜ ಶಕರ್‌ಗಢದ ಕಡೆ ಇದ್ದ. ಬಸಂತರ್ ನದಿಯ ಕಾಳಗ ನಡೆದ ಭಾಗ ಅದು. ಅರುಣ್ ಖೇತ್ರಪಾಲ್ ಮತ್ತು ಹೋಶಿಯಾರ್ ಸಿಂಗ್ ಅವರಿಗೆ ಪರಮವೀರ ಚಕ್ರ ತಂದ ಕಾಳಗ. ಟ್ಯಾಂಕುಗಳು ದಾಟುವ ಮೊದಲು ಸ್ಯಾಪರ್‌ಗಳು ನೆಲಬಾಂಬಿನ ನಡುವೆ ದಾರಿ ಬಿಡಿಸಬೇಕಿತ್ತು. ಬಾಲ್ಯದಲ್ಲಿ ನಾವು ಪೀಡಿಸಿ ಕೇಳಿದರೆ ಅಜ್ಜ ಹೇಳುತ್ತಿದ್ದದ್ದು ಒಂದೇ. ಅಲ್ಲಿಯದು ಮರಳು ಬೆರೆತ ಮಣ್ಣು, ಎರೆಯಂತೆ ಕಾಲಿಗೆ ಮೆತ್ತುವುದಿಲ್ಲ, ನೀರು ಕೊಟ್ಟರೆ ಗೋಧಿ ಎದ್ದು ಬರುತ್ತದೆ, ಬಿತ್ತಿದ ಹೊಲಗಳನ್ನು ತುಳಿದು ಹೋದೆವು. ಯುದ್ಧದ ಕಥೆ ಬೇಕಾಗಿದ್ದ ನಮಗೆ ಇದರಿಂದ ಬೇಸರವಾಗುತ್ತಿತ್ತು.

ಅಜ್ಜ ಊರಿಗೆ ಮರಳಿದಾಗ 1972-73ರ ಬರ ಮುಗಿದು ಊರು ಇನ್ನೂ ಚೇತರಿಸಿಕೊಂಡಿರಲಿಲ್ಲ. ಹೊಲದ ತುಂಬ ಕರಿಕೆ ಹುಲ್ಲು ಹಬ್ಬಿತ್ತು. ಎರೆಯಲ್ಲಿ ಕರಿಕೆ ಹೊಕ್ಕರೆ ರಂಟೆಗೆ ಬಗ್ಗುವುದಿಲ್ಲ, ಬೇರು ಆಳಕ್ಕಿಳಿದಿರುತ್ತದೆ. ತುಂಡಾದ ಒಂದೊಂದು ಗೆಣ್ಣೂ ಮತ್ತೆ ಚಿಗುರುತ್ತದೆ. ಅಜ್ಜ ಬೇಸಿಗೆಯಲ್ಲಿ ಹಗ್ಗ ಕಟ್ಟಿ ಗೆರೆ ಹೊಡೆದು, ಸೈನ್ಯದಲ್ಲಿ ಕಂದಕ ತೋಡುವ ಹಾಗೆ ಪಟ್ಟಿ ಪಟ್ಟಿಯಾಗಿ ಅಗೆದು, ಬೇರು ಆರಿಸಿ ಸುಟ್ಟ. ಪಕ್ಕದ ಹೊಲದ ಮುದುಕಿ, ಈಗ ಅವರಿಗೆ ಎಂಬತ್ತರ ಮೇಲಾಗಿದೆ, ನೆನೆಸಿಕೊಂಡು ಹೇಳಿದರು: "ಮಿಲಿಟರಿಯವನಿಗೆ ತಲೆ ಕೆಟ್ಟಿದೆ ಎಂದು ಆಡಿಕೊಂಡೆವು. ಮೂರನೆಯ ವರ್ಷ ಅವನ ಹೊಲದ ಜೋಳ ಆಳೆತ್ತರ ನಿಂತಾಗ ನಮ್ಮವರೂ ಹಾರೆ ಹಿಡಿದರು." ಒಡ್ಡು ಹಾಕಿಸುವುದರಲ್ಲೂ ಅಜ್ಜನದು ಎಂಜಿನಿಯರ್ ಕಣ್ಣು. ಇಳಿಜಾರು ಅಳೆಯಲು ಬಾಟಲಿಯಲ್ಲಿ ನೀರು ತುಂಬಿ ಮಟ್ಟ ನೋಡುತ್ತಿದ್ದ. ಅವನು ಕಟ್ಟಿದ ಕಲ್ಲಿನ ಕೋಡಿ 2009ರ ನೆರೆಯಲ್ಲೂ ನಿಂತಿತು. ಆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನಲ್ಲಿ ಬೆಣ್ಣೆಹಳ್ಳ ಮತ್ತು ಮಲಪ್ರಭೆ ಸೇರಿ ಎಷ್ಟೋ ಜನರ ಒಡ್ಡು ಮಾತ್ರವಲ್ಲ, ಮೇಲ್ಮಣ್ಣನ್ನೇ ಒಯ್ದಿದ್ದವು.

ಎಲ್ಲದರಲ್ಲೂ ಗೆದ್ದನೆಂದಲ್ಲ. ಧಾರವಾಡದ ಕೃಷಿ ವಿಜ್ಞಾನಿಗಳು 1972ರಲ್ಲಿ ಹೊರತಂದ ವರಲಕ್ಷ್ಮಿ ಹತ್ತಿಯನ್ನು ಊರಿನಲ್ಲಿ ಮೊದಲಿಗೆ ಹಾಕಿದವರಲ್ಲಿ ಅಜ್ಜನೂ ಒಬ್ಬ. ಉದ್ದನೆಯ ಎಳೆ, ಒಳ್ಳೆಯ ದರ. ಔಷಧಿ ಹೊಡೆದೇ ಹಣ ಹೋಯಿತು. ಪಿಂಚಣಿ ಇಲ್ಲದಿದ್ದರೆ ಹೊಲ ಅಡವಿಡುವ ಸ್ಥಿತಿ ಬರುತ್ತಿತ್ತು ಎಂದು ಅಪ್ಪ ಹೇಳಿದ. ನಂತರ ಅಜ್ಜ ಹಳೆಯ ಜಯಧರ ಹತ್ತಿಗೆ ಮರಳಿದ, ಅದು ಮಳೆಯಾಶ್ರಿತ ಎರೆಗೆ ಒಗ್ಗಿದ ತಳಿ, ಇಳುವರಿ ಕಡಿಮೆ. ಕಡಲೆಯಲ್ಲಿ ಅಣ್ಣಿಗೇರಿ ತಳಿ ಬಿಟ್ಟು ಬೇರೆ ಮುಟ್ಟಲಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಆದ ಮೇಲೆ ಕೃಷಿ ಮೇಳಕ್ಕೆ ತಪ್ಪದೆ ಹೋಗುತ್ತಿದ್ದ. ಕೊಳ್ಳುತ್ತಿದ್ದದ್ದು ಕಡಿಮೆ, ವಾದ ಮಾಡುತ್ತಿದ್ದದ್ದು ಹೆಚ್ಚು.

ಪುಟದಲ್ಲಿ ಬರೆಯಲೋ ಬೇಡವೋ ಎಂದು ನಾನು ಬಹಳ ಯೋಚಿಸಿದ್ದು 1980ರ ಜುಲೈ 21ರ ಸಂಗತಿಯನ್ನು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರದಿದ್ದರೂ ನೀರಿನ ಕರ, ಅಭಿವೃದ್ಧಿ ಕರ ಕಟ್ಟಬೇಕೆಂದು ಒತ್ತಾಯಿಸಿದಾಗ ನರಗುಂದ, ನವಲಗುಂದದ ರೈತರು ಬೀದಿಗಿಳಿದಿದ್ದರು. ಗೋಲಿಬಾರ್ ಆಯಿತು. ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ, ಅಳಗವಾಡಿಯ ಬಸಪ್ಪ ಲಕ್ಕುಂಡಿ ಸತ್ತರು. ನರಗುಂದದಲ್ಲಿ ಅಂದು ಪೊಲೀಸರೂ ಸತ್ತರು. ಅಜ್ಜ ಆ ಗುಂಪಿನಲ್ಲಿದ್ದ. ಗುಂಡಿನ ಸದ್ದು ಕೇಳಿದ ಕೂಡಲೇ ಪಕ್ಕದಲ್ಲಿದ್ದ ಹುಡುಗರ ಕೊರಳಪಟ್ಟಿ ಹಿಡಿದು ನೆಲಕ್ಕೆ ಕೆಡವಿ, "ಮಲಗಿರಿ, ಓಡಬೇಡಿರಿ" ಎಂದು ಕೂಗಿದನಂತೆ. ಆ ಹುಡುಗರಲ್ಲಿ ಒಬ್ಬರು ಈಗ ಅಜ್ಜಂದಿರು, ಅವರೇ ಹೇಳಿದ್ದು. ಎರಡು ಯುದ್ಧ ಕಂಡವನ ಮೇಲೆ ಮೂರನೆಯ ಸಲ ಗುಂಡು ಹಾರಿದ್ದು ಸ್ವಂತ ತಾಲ್ಲೂಕಿನಲ್ಲಿ. ಆದರೂ ಅಜ್ಜ ಆ ದಿನದ ಮಾತು ಬಂದಾಗ ಸತ್ತ ರೈತರನ್ನು ನೆನೆದ ಮೇಲೆ ಸತ್ತ ಪೊಲೀಸರನ್ನೂ ನೆನೆಯುತ್ತಿದ್ದ. ಇದು ಕೆಲವರಿಗೆ ಹಿಡಿಸುತ್ತಿರಲಿಲ್ಲ. ಪ್ರತಿ ವರ್ಷ ಜುಲೈ 21ರಂದು ನರಗುಂದದ ವೀರಗಲ್ಲಿಗೆ ಹೋಗಿ ಮಾಲೆ ಹಾಕಿ ಬರುತ್ತಿದ್ದ. 2015ರ ಜುಲೈನಲ್ಲಿ ಮಹದಾಯಿ ನದಿಯ ನೀರು ತರುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದದಲ್ಲಿ ಧರಣಿ ಶುರುವಾದಾಗ, ಕಾಗದದ ಪ್ರಕಾರ 80 ತುಂಬಿದ ತಿಂಗಳಲ್ಲೇ, ಊರುಗೋಲು ಹಿಡಿದು ಹೋಗಿ ಪೆಂಡಾಲಿನಲ್ಲಿ ಕುಳಿತ. ಸಮಾನ ಶ್ರೇಣಿಗೆ ಸಮಾನ ಪಿಂಚಣಿಯ ಆದೇಶ ಬಂದದ್ದೂ ಅದೇ ವರ್ಷ. ಅದರ ಬಾಕಿ ಹಣದಲ್ಲಿ ಹೊಲದ ಮೂಲೆಗೆ ಕೃಷಿ ಹೊಂಡ ತೆಗೆಸಿದ. ಕಾಲುವೆ ನಂಬಿ ಸಾಕಾಗಿತ್ತು.

ಬರೆಯಲು ಕುಳಿತಾಗ ಚಿಗವ್ವ ಒಂದು ಸುಳಿವು ಕೊಟ್ಟಳು. ಅಜ್ಜ ಗೋಡೆಯ ಕ್ಯಾಲೆಂಡರಿನಲ್ಲಿ ಮಳೆ ಬರೆಯುತ್ತಿದ್ದ, ವರ್ಷ ಮುಗಿದ ಮೇಲೆ ಆ ಹಾಳೆಗಳನ್ನು ಅವಳು ಅಡುಗೆಮನೆಯ ಹಲಗೆಗಳಿಗೆ ಹಾಸುತ್ತಿದ್ದಳು. ಡಬ್ಬಿಗಳನ್ನೆಲ್ಲ ಇಳಿಸಿ ನೋಡಿದೆವು. ಎಣ್ಣೆ ಮೆತ್ತಿ, ಜಿರಲೆ ತಿಂದು ಹೆಚ್ಚಿನವು ಹೋಗಿದ್ದವು. ಉಳಿದ ಒಂದು ಹಾಳೆಯಲ್ಲಿ, 2003ರ ಸೆಪ್ಟೆಂಬರ್ ಇರಬೇಕು, ಉತ್ತರಿ ಮಳೆಯ ಮುಂದೆ ಒಂದು ಅಡ್ಡಗೆರೆ, ಹಸ್ತದ ಮುಂದೆಯೂ ಗೆರೆ. ಇನ್ನೊಂದರಲ್ಲಿ "ಚಿತ್ತಿ: ಒಡ್ಡು ತುಂಬಿತು. ಬಿಳಿ ಎತ್ತಿಗೆ ಜ್ವರ." ಮತ್ತೊಂದರಲ್ಲಿ ನನ್ನ ಹೆಸರು ಬರೆದು "ಫೀಸು ಕೊಟ್ಟೆ" ಎಂದಿತ್ತು, ಎಷ್ಟು ಎಂದು ಬರೆದಿದ್ದ ಜಾಗಕ್ಕೆ ಅರಿಶಿನ ಹತ್ತಿತ್ತು. ಚಿಗವ್ವನಿಗೆ ಅಳು ಬಂತು. ನಾವು ಉಳಿದವರು ಡಬ್ಬಿಗಳನ್ನು ವಾಪಸು ಜೋಡಿಸಿದೆವು.

ಪುಟ ಓದಿದೆ. ಮಾಸ್ತರರು ನಂತರ ಎದ್ದು ಯುದ್ಧದ ಬಗ್ಗೆ ತಾವೇ ಅರ್ಧ ಗಂಟೆ ಮಾತಾಡಿದರು. ಅವರದೂ ತಪ್ಪಲ್ಲ.

ಅಜ್ಜಿಯ ಕುಟುಂಬ ಪಿಂಚಣಿ ಮಂಜೂರಾಗಿ ಬಂದದ್ದು ಮುಂದಿನ ಮುಂಗಾರಿನ ಹೊತ್ತಿಗೆ. ಮೊತ್ತ ಅಜ್ಜನದಕ್ಕಿಂತ ಕಡಿಮೆ. ಸೇವಾ ಪಿಂಚಣಿ ವೇತನದ ಅರ್ಧ, ಸಾಮಾನ್ಯ ಕುಟುಂಬ ಪಿಂಚಣಿ ಶೇ 30. ಅಜ್ಜಿಗೂ ಆಧಾರ್ ಪ್ರಕಾರ 80 ದಾಟಿದ್ದರಿಂದ ಶೇ 20ರ ಹೆಚ್ಚಳ ಸೇರಿತು, ಬಾಕಿ ಒಟ್ಟಿಗೆ ಬಂತು. ಆದೇಶದಲ್ಲಿ ಎರಡೂ ಹೆಸರು ಬರೆದಿದ್ದಾರೆ, ಆಧಾರ್‌ನದ್ದು ಮೊದಲು, ತವರಿನದು ನಂತರ. ಇದನ್ನು ಓದುತ್ತಿರುವವರ ಮನೆಯಲ್ಲಿ ಹಳೆಯ ಪಿಂಚಣಿದಾರರಿದ್ದರೆ ಅವರ ಪಿಪಿಒ ಒಮ್ಮೆ ತೆಗೆದು ನೋಡಿ. ಹೆಂಡತಿಯ ಹೆಸರಿದೆಯೇ, ಆಧಾರ್‌ಗೆ ಹೊಂದುತ್ತದೆಯೇ, ಹುಟ್ಟಿದ ದಿನ ಸರಿಯಿದೆಯೇ. ಪಿಂಚಣಿದಾರರು ಬದುಕಿರುವಾಗ ಅವರ ಒಂದು ಸಹಿಯಿಂದ ಆಗುವ ಕೆಲಸಕ್ಕೆ ಆಮೇಲೆ ಊರೇ ಸಾಕ್ಷಿ ಹೇಳಬೇಕಾಗುತ್ತದೆ.

ನವೆಂಬರಿನಲ್ಲಿ ಅಜ್ಜಿ ಮೊದಲ ಸಲ ಜೀವಿತ ಪ್ರಮಾಣಪತ್ರ ಕೊಡಬೇಕಾಯಿತು. ಸೇವಾ ಕೇಂದ್ರದ ಯಂತ್ರ ಅವಳ ಬೆರಳನ್ನು ಒಪ್ಪಲಿಲ್ಲ. ಕಳೆ ಕಿತ್ತು, ರೊಟ್ಟಿ ತಟ್ಟಿ ಗೆರೆಗಳೇ ಸವೆದಿದ್ದವು. ಹತ್ತೂ ಬೆರಳು ಒತ್ತಿಸಿ ನೋಡಿದರು. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವ ವಿಧಾನದಲ್ಲಿ ಆಯಿತು. ಹುಡುಗ "ಕಣ್ಣು ಮಿಟುಕಿಸಿರಿ ಅಜ್ಜಿ" ಎಂದರೆ ಇವಳು, "ಬದುಕಿದ್ದೇನೆ ಎಂದು ಬಾಯಿಂದ ಹೇಳಿದರೆ ಆಗುವುದಿಲ್ಲವೇನಪ್ಪ?" ಎಂದಳು. ಅವನೂ ನಕ್ಕ.

ಈಗ ಉಳಿದಿರುವುದು ವಾರಸಾ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಉತಾರದಲ್ಲಿ ಅಜ್ಜನ ಹೆಸರೇ ಇದೆ, ಮುಂದೆ ಜೋಳ ಎಂದೂ ಇದೆ. ಬಾಕಿ ಹಣದಲ್ಲಿ ಹೊಂಡದ ಹೂಳು ತೆಗೆಸಬೇಕೆಂದು ಅಜ್ಜಿ, ಟ್ರ್ಯಾಕ್ಟರಿನ ಕಂತು ಕಟ್ಟಬೇಕೆಂದು ಕಾಕಾ. ಹಣ ಅಜ್ಜಿಯ ಖಾತೆಯಲ್ಲಿದೆ. ಈ ವರ್ಷ ಹೂಳು ತೆಗೆಯುವ ಜೆಸಿಬಿಗೆ ನಾನೇ ಫೋನ್ ಮಾಡಿ ಹೇಳಿದ್ದೇನೆ. ಕಡಲೆ ಒಕ್ಕಣೆ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾನೆ.